ನಿಮಗಿದು ಗೊತ್ತೇ? ಆಕಾಶದಲ್ಲಿ ಯಾರ ಕೈ ಮೇಲು?

ಎಚ್‌ಎಎಲ್ ಕಡೆಯಿಂದ ಜೆಟ್ ಎದ್ದರೆ ಬಿಟಿಎಂ ಲೇಔಟ್‌ನ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವರೂ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಜಯನಗರ, ಬನಶಂಕರಿಗಳೆಂಬ ಬಡಾವಣೆಗಳು ಇನ್ನೂ ಹುಟ್ಟದ, ಅಲ್ಲೆಲ್ಲ ಹೊಲ, ತೋಟ, ಕೆರೆಗಳಿದ್ದ ಕಾಲದಲ್ಲಿ ಯುರೋಪಿನ ಆಕಾಶಕ್ಕಾಗಿ ದೊಡ್ಡದೊಂದು ಕಾದಾಟ ನಡೆಯಿತು. ಅದರಲ್ಲಿ ಗೆಲ್ಲುತ್ತಿರುವವರು ಯಾರು ಎಂದು ಲೆಕ್ಕ ಹಾಕುವುದು ಕಾದಾಟದಷ್ಟೇ ಕಷ್ಟವಾಗಿತ್ತು. ಆ ಲೆಕ್ಕದ ಹಲವು ಎಳೆಗಳು ಮೈಸೂರಿಗೂ ಬೆಂಗಳೂರಿಗೂ ಬಂದು ಸೇರುತ್ತವೆ.

ಹಿಟ್ಲರನ ವಿಮಾನಗಳ ಎದುರು ಗಂಡಭೇರುಂಡ ಹಾರಿತ್ತು, ಗೊತ್ತೇ?

1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಬ್ರಿಟಿಷ್ ವಾಯುಪಡೆ ಸ್ಪಿಟ್‌ಫೈರ್ ಫೈಟರ್ ವಿಮಾನಗಳ ಹೊಸದೊಂದು ದಳ ಕಟ್ಟಿತು. ಅದರ ಹೆಸರು 129 (ಮೈಸೂರು) ಸ್ಕ್ವಾಡ್ರನ್. ಮೈಸೂರಿನಿಂದ ಹೋದ ಯುದ್ಧ ದೇಣಿಗೆಯ ನೆನಪಿಗೆ ಆ ಹೆಸರು. ದಳದ ಲಾಂಛನವೂ ನಮ್ಮ ಒಡೆಯರ ಗಂಡಭೇರುಂಡವೇ. ಆಗ ಪಟ್ಟದಲ್ಲಿದ್ದವರು ಜಯಚಾಮರಾಜೇಂದ್ರ ಒಡೆಯರ್. ಜಯನಗರಕ್ಕೆ ಆ ಹೆಸರು ಬಂದದ್ದು ಅವರಿಂದಲೇ ಎನ್ನುವವರುಂಟು. ಮೈಸೂರು ದಳ ಇಂಗ್ಲಿಷ್ ಕಾಲುವೆಯ ಮೇಲೆ ಕಾವಲು ತಿರುಗಿತು, 1942ರಲ್ಲಿ ಫ್ರಾನ್ಸಿನ ಡಿಯಪ್ ದಾಳಿಯಲ್ಲಿ ಪಾಲ್ಗೊಂಡಿತು. 1944ರಲ್ಲಿ ಸ್ಪಿಟ್‌ಫೈರ್ ಬಿಟ್ಟು ಮಸ್ಟ್ಯಾಂಗ್ ಹತ್ತಿತು. ಲಂಡನ್ನಿನತ್ತ ಬರುತ್ತಿದ್ದ ಪೈಲಟ್ಟಿಲ್ಲದ ವಿ-1 ಹಾರುವ ಬಾಂಬುಗಳನ್ನು ಬೆನ್ನಟ್ಟಿ ಹೊಡೆಯುವ ಕೆಲಸವೂ ಅದರ ಪಾಲಿಗೆ ಬಂತು. 1946ರಲ್ಲಿ ಆ ಹೆಸರು ವಾಯುಪಡೆಯ ಪಟ್ಟಿಯಿಂದ ಮರೆಯಾಯಿತು.

ಒಂದು ಸ್ಪಿಟ್‌ಫೈರ್‌ಗೆ ಎಷ್ಟು ಚಂದಾ?

ದೇಣಿಗೆದಾರರಿಗೆ ಬ್ರಿಟಿಷ್ ಸರ್ಕಾರ ಹೇಳುತ್ತಿದ್ದ ದರ 5,000 ಪೌಂಡ್. ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. ಚಂದಾ ಎತ್ತುವವರಿಗೆ ಹೇಳಲು ಅನುಕೂಲವಾಗಲೆಂದು ದುಂಡಗಿನ ಸಂಖ್ಯೆ ಇಟ್ಟಿದ್ದರು. ಮೈಸೂರಷ್ಟೇ ಅಲ್ಲ, ನಿಜಾಮರ ಹೈದರಾಬಾದ್ ಹೆಸರಿನ 152 ಸ್ಕ್ವಾಡ್ರನ್ 1940ರ ಬ್ರಿಟನ್ ಕದನದಲ್ಲೇ ಸ್ಪಿಟ್‌ಫೈರ್ ಹಾರಿಸಿ ಹೋರಾಡಿತು. ಅದರ ಲಾಂಛನ ನಿಜಾಮರ ರುಮಾಲು. ಆಗ ಕಲಬುರಗಿ, ಬೀದರ್, ರಾಯಚೂರುಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿಗೆ ಇಂದಿನ ಕರ್ನಾಟಕದ ಎರಡು ದಿಕ್ಕಿನ ಸಂಸ್ಥಾನಗಳ ಹೆಸರು ಲುಫ್ಟ್‌ವಾಫೆ ಎಂಬ ಜರ್ಮನ್ ವಾಯುಪಡೆಯ ಎದುರು ನಿಂತಂತಾಯಿತು.

ಮೇಲುಗೈಗೂ ಮೆಟ್ಟಿಲುಗಳಿವೆ

ಇಬ್ಬರಿಗೂ ಆಕಾಶ ಪೂರ್ತಿ ದಕ್ಕದಿದ್ದರೆ ಸಮಬಲ. ಒಬ್ಬರು ತಮ್ಮ ಕೆಲಸ ಮಾಡಿಕೊಳ್ಳಬಲ್ಲರು, ಎದುರಾಳಿ ಅಡ್ಡಿ ಮಾಡಿದರೂ ತಡೆಯಲಾರ ಎಂದಾದರೆ ಅದು ಏರ್ ಸುಪೀರಿಯಾರಿಟಿ. ಎದುರಾಳಿ ಮೇಲೇಳುವುದೇ ಕಷ್ಟ ಎಂಬ ಹಂತ ಏರ್ ಸುಪ್ರಿಮಸಿ. ಈ ಮೂರರಲ್ಲಿ ಯಾವುದೂ ಇಡೀ ಖಂಡಕ್ಕೆ, ಇಡೀ ವರ್ಷಕ್ಕೆ ಒಟ್ಟಾಗಿ ಸಿಗುವುದಿಲ್ಲ. ಎಲ್ಲಿ, ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತು ಎಂದು ಕೇಳಲೇಬೇಕು. 1940ರಲ್ಲಿ ಹಗಲಿನ ಲಂಡನ್ ಆಕಾಶವನ್ನು ಬ್ರಿಟನ್ ಕಾಯ್ದುಕೊಂಡಿತು. ಅದೇ ಚಳಿಗಾಲದ ರಾತ್ರಿಗಳಲ್ಲಿ ಜರ್ಮನ್ ಬಾಂಬರುಗಳು ಅದೇ ಊರಿನ ಮೇಲೆ ಹೆಚ್ಚು ಕಡಿಮೆ ಸಲೀಸಾಗಿ ಬಂದು ಹೋಗುತ್ತಿದ್ದವು.

185 ಎಂದರು, ಬಿದ್ದದ್ದು ಸುಮಾರು 60

1940ರ ಸೆಪ್ಟೆಂಬರ್ 15ರ ಸಂಜೆ ಬ್ರಿಟನ್ 185 ಜರ್ಮನ್ ವಿಮಾನ ಉರುಳಿಸಿದೆವೆಂದು ಘೋಷಿಸಿತು. ಯುದ್ಧ ಮುಗಿದ ಮೇಲೆ ಜರ್ಮನ್ ಕಡತ ತೆಗೆದು ನೋಡಿದರೆ ಆ ದಿನದ ನಷ್ಟ ಸುಮಾರು 60. ಪೈಲಟ್‌ಗಳು ಸುಳ್ಳು ಹೇಳಿದ್ದರೇ? ಇಲ್ಲ. ಮೋಡದ ನಡುವೆ, ಗಂಟೆಗೆ 500 ಕಿ.ಮೀ.ಗೂ ಮೀರಿದ ವೇಗದಲ್ಲಿ, ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿ ಮೂವರೂ ‘ನನ್ನದು’ ಎಂದಿದ್ದರು. ಒಂದೇ ಕ್ಯಾಚಿಗೆ ಮೂವರು ಫೀಲ್ಡರುಗಳು ಕೈ ಎತ್ತಿದಂತೆ. ಹೊಗೆಯುಗುಳುತ್ತ ಕೆಳಗಿಳಿದ ವಿಮಾನ ಕಾಲುವೆ ದಾಟಿ ಮನೆ ಸೇರಿದ್ದೂ ಉಂಟು. ಹೀಗೆ ಉಬ್ಬಿದ ಲೆಕ್ಕ ಎಲ್ಲ ದೇಶಗಳಲ್ಲೂ ಇತ್ತು. ಬಂದೂಕಿನ ಗುಂಡಿ ಒತ್ತಿದೊಡನೆ ತಾನೇ ಓಡುವ ಪುಟ್ಟ ಸಿನಿಮಾ ಕ್ಯಾಮೆರಾಗಳು ಬರುಬರುತ್ತ ಇಂಥ ಹೇಳಿಕೆಗಳನ್ನು ತಾಳೆ ನೋಡಲು ನೆರವಾದವು.

ಶತ್ರುವಿನ ಕಾರ್ಖಾನೆಯನ್ನೇ ತಪ್ಪಾಗಿ ಎಣಿಸಿದರೆ?

ಜರ್ಮನ್ ವಾಯುಪಡೆಯ ಗುಪ್ತಚರ ಮುಖ್ಯಸ್ಥ ‘ಬೆಪ್ಪೊ’ ಶ್ಮಿಡ್ 1940ರ ಜುಲೈನಲ್ಲಿ ಬ್ರಿಟನ್ ಕುರಿತು ವರದಿ ಕೊಟ್ಟ. ಬ್ರಿಟನ್ ತಿಂಗಳಿಗೆ ಹೆಚ್ಚೆಂದರೆ 300ರ ಆಸುಪಾಸು ಫೈಟರ್ ವಿಮಾನ ತಯಾರಿಸಬಲ್ಲದು ಎಂಬುದು ಅವನ ಅಂದಾಜು. ಅದೇ ತಿಂಗಳು ಬ್ರಿಟಿಷ್ ಕಾರ್ಖಾನೆಗಳಿಂದ ಹೊರಬಂದದ್ದು ಸುಮಾರು 500. ಅದಕ್ಕಿಂತ ದೊಡ್ಡ ಎಡವಟ್ಟೆಂದರೆ, ಕರಾವಳಿಯುದ್ದಕ್ಕೂ ನಿಂತಿದ್ದ ರಾಡಾರ್ ಗೋಪುರಗಳು ಮತ್ತು ಅವುಗಳ ಸುದ್ದಿಯನ್ನು ನಿಮಿಷಗಳಲ್ಲಿ ಪೈಲಟ್‌ಗಳಿಗೆ ಮುಟ್ಟಿಸುವ ವ್ಯವಸ್ಥೆ ಆ ವರದಿಯ ತೂಕಕ್ಕೇ ಬರಲಿಲ್ಲ. ಇನ್ನು ಬ್ರಿಟಿಷರ ಬಳಿ ಕೆಲವೇ ಫೈಟರುಗಳು ಉಳಿದಿವೆ ಎಂದು ನಂಬಿ ಬಂದ ಜರ್ಮನ್ ಬಾಂಬರ್ ಸಿಬ್ಬಂದಿಗೆ ಲಂಡನ್ ಮೇಲೆ ಎದುರಾದದ್ದು ಹಿಂಡು ಹಿಂಡು ಸ್ಪಿಟ್‌ಫೈರ್, ಹರಿಕೇನ್.

ಲಂಡನ್ ಮೇಲೆ ಹತ್ತೇ ನಿಮಿಷ

ಜರ್ಮನ್ನರ ಮೆಸ್ಸರ್‌ಶ್ಮಿಟ್ 109 ಒಳ್ಳೆಯ ಫೈಟರ್. ಆದರೆ ಫ್ರಾನ್ಸಿನಿಂದ ಹಾರಿ ಲಂಡನ್ ತಲುಪಿದರೆ ಅಲ್ಲಿ ಕಾದಾಡಲು ಸುಮಾರು ಹತ್ತು ನಿಮಿಷದ ಪೆಟ್ರೋಲ್ ಮಾತ್ರ ಉಳಿಯುತ್ತಿತ್ತು. ಅದು ಹಿಂದಿರುಗಿದ ಮೇಲೆ ಬಾಂಬರುಗಳಿಗೆ ಕಾವಲಿಲ್ಲ. ಪ್ಯಾರಾಚೂಟ್ ಲೆಕ್ಕವೂ ಬೇರೆ ಬೇರೆ. ಇಂಗ್ಲೆಂಡಿನ ಹೊಲದಲ್ಲಿ ಇಳಿದ ಬ್ರಿಟಿಷ್ ಪೈಲಟ್‌ಗೆ ಗಾಯವಾಗದಿದ್ದರೆ ಅಂದೇ ಸಂಜೆ ಇನ್ನೊಂದು ವಿಮಾನ ಹತ್ತಬಹುದಿತ್ತು. ಅದೇ ಹೊಲದಲ್ಲಿ ಇಳಿದ ಜರ್ಮನ್ ಪೈಲಟ್ ಯುದ್ಧ ಮುಗಿಯುವವರೆಗೆ ಸೆರೆಯಾಳು. ಎರಡೂ ಕಡೆ ಒಂದೊಂದು ವಿಮಾನ ಬಿದ್ದರೂ ನಷ್ಟ ಸಮವಲ್ಲ.

ಹತ್ತರ ಎದುರು ಎಂಟು: ಉಳಿಯುವವರೆಷ್ಟು?

ಎರಡು ಎಂದು ಬಾಯಿಗೆ ಬರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಬೇರೆಯದೇ ಉತ್ತರ ಕೊಟ್ಟರು. ಎಲ್ಲರೂ ಎಲ್ಲರ ಮೇಲೆ ಗುರಿಯಿಡಬಲ್ಲ ಕಾದಾಟದಲ್ಲಿ ಬಲ ಹೆಚ್ಚುವುದು ಸಂಖ್ಯೆಯ ವರ್ಗದಂತೆ. ಹತ್ತರ ವರ್ಗ 100, ಎಂಟರದು 64. ಕಳೆದರೆ 36, ಅದರ ವರ್ಗಮೂಲ 6. ಗುಣದಲ್ಲಿ ಸಮನಾದ ವಿಮಾನಗಳಾದರೆ ಎಂಟೂ ನಾಶವಾದಾಗ ಹತ್ತರಲ್ಲಿ ಆರು ಉಳಿದಿರುತ್ತವೆ! ಕಾಗದದ ಮೇಲಿನ ಲೆಕ್ಕವೇನೋ ಹೌದು. ಮೋಡ, ಬಿಸಿಲು, ಪೈಲಟ್‌ನ ಅನುಭವ ಇದರಲ್ಲಿಲ್ಲ. ಆದರೂ ಒಂದೇ ಕಡೆ, ಒಂದೇ ಹೊತ್ತಿಗೆ ಹೆಚ್ಚು ವಿಮಾನ ಸೇರಿಸಲು ಸೇನಾನಿಗಳು ಯಾಕೆ ಒದ್ದಾಡುತ್ತಾರೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಸ್ಪಿಟ್‌ಫೈರ್‌ಗೂ ಬೆವರಿಳಿಸಿದ ವಿಮಾನ ಯಾವುದು?

ಫೊಕ್ಕೆ-ವುಲ್ಫ್ 190. 1941ರ ಕೊನೆಯ ಭಾಗದಲ್ಲಿ ಇದು ಕಾಲುವೆಯ ಮೇಲೆ ಕಾಣಿಸಿಕೊಂಡಾಗ ಬ್ರಿಟಿಷರಿಗೆ ಮೊದಲು ಅರ್ಥವೇ ಆಗಲಿಲ್ಲ. ಮೈಸೂರು ದಳವೂ ಹಾರಿಸುತ್ತಿದ್ದ ಸ್ಪಿಟ್‌ಫೈರ್ 5ಕ್ಕಿಂತ ಇದು ವೇಗ. ಮಗ್ಗುಲಾಗಿ ಉರುಳುವುದರಲ್ಲಿ, ಮುಳುಗು ಹಾಕುವುದರಲ್ಲಿ ಮುಂದೆ. ಕಿರಿದಾದ ವೃತ್ತದಲ್ಲಿ ತಿರುಗುವುದೊಂದರಲ್ಲೇ ಸ್ಪಿಟ್‌ಫೈರ್ ಮೇಲು. 1942ರ ಆಗಸ್ಟ್ 19ರಂದು ಡಿಯಪ್‌ನ ಮೇಲೆ ಬ್ರಿಟಿಷ್ ಪಡೆ ಒಂದೇ ದಿನದಲ್ಲಿ ಸುಮಾರು ನೂರು ವಿಮಾನ ಕಳೆದುಕೊಂಡಿತು. ಜರ್ಮನಿ ಕಳೆದುಕೊಂಡದ್ದು ಅದರ ಅರ್ಧದಷ್ಟು. ಆ ದಿನ ಬ್ರಿಟಿಷರು ಗೆದ್ದೆವೆಂದೇ ನಂಬಿದ್ದರು. ಈ ಫೊಕ್ಕೆ-ವುಲ್ಫ್‌ನ ವಿನ್ಯಾಸಕಾರನ ಹೆಸರು ಕುರ್ಟ್ ಟ್ಯಾಂಕ್. ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾರಿ ತಪ್ಪಿದವನು ಕೊಟ್ಟ ಉಡುಗೊರೆ

ಆ ವಿಮಾನದ ಗುಟ್ಟು ಬಿಚ್ಚಲು ಒಂದನ್ನು ಕದ್ದು ತರಬೇಕೆಂಬ ಯೋಜನೆಯೂ ಬ್ರಿಟಿಷರಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ, 1942ರ ಜೂನ್ 23ರಂದು, ಕಾದಾಟದ ಗಡಿಬಿಡಿಯಲ್ಲಿ ದಿಕ್ಕು ತಪ್ಪಿದ ಜರ್ಮನ್ ಪೈಲಟ್ ಆರ್ಮಿನ್ ಫಾಬರ್ ಬ್ರಿಸ್ಟಲ್ ಕೊಲ್ಲಿಯನ್ನೇ ಇಂಗ್ಲಿಷ್ ಕಾಲುವೆ ಎಂದುಕೊಂಡು, ಫ್ರಾನ್ಸ್ ತಲುಪಿದೆನೆಂದು ವೇಲ್ಸ್‌ನ ಪೆಂಬ್ರಿ ನಿಲ್ದಾಣದಲ್ಲಿ ಇಳಿದೇಬಿಟ್ಟ. ಗೀರೂ ಬೀಳದ ಫೊಕ್ಕೆ-ವುಲ್ಫ್ ಕೈಗೆ ಸಿಕ್ಕಿತು. ಬ್ರಿಟಿಷರು ಅದನ್ನು ತಮ್ಮ ವಿಮಾನಗಳ ಜೊತೆ ಹಾರಿಸಿ, ಪ್ರತಿ ಎತ್ತರದಲ್ಲಿ ವೇಗ, ಏರಿಕೆ, ತಿರುವು ಹೋಲಿಸಿ ನೋಡಿದರು. ಯಾವ ಎತ್ತರದಲ್ಲಿ ಕಾದಾಡಬೇಕು, ಯಾವಾಗ ಜಾರಿಕೊಳ್ಳಬೇಕು ಎಂದು ಪೈಲಟ್‌ಗಳಿಗೆ ಹೇಳಿಕೊಡಲು ಆ ಹೋಲಿಕೆಯೇ ಆಧಾರವಾಯಿತು.

ತೂತು ಬಿದ್ದ ಕಡೆ ಕವಚ ಹಾಕಬೇಡಿ ಎಂದವರು ನೀಲಗಿರಿಯಲ್ಲಿ ತೀರಿಕೊಂಡರು

ಜಯನಗರದ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಓದಿದವರಿಗೆ ಅಬ್ರಹಾಂ ವಾಲ್ಡ್ ಹೆಸರು ಹೊಸದಲ್ಲ. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಈ ಯಹೂದಿ ಗಣಿತಜ್ಞರ ಮುಂದೆ ಯುದ್ಧಕಾಲದಲ್ಲಿ ಬಂದ ಪ್ರಶ್ನೆ ಇದು: ದಾಳಿ ಮುಗಿಸಿ ಮರಳಿದ ಬಾಂಬರುಗಳ ಮೈಮೇಲಿನ ಗುಂಡಿನ ತೂತುಗಳನ್ನು ಎಣಿಸಿ, ಯಾವ ಭಾಗ ಎಷ್ಟು ಅಪಾಯದ್ದೆಂದು ತಿಳಿಯುವುದು ಹೇಗೆ? ತೂತು ಹೆಚ್ಚಿರುವಲ್ಲಿ ಕವಚ ಹಾಕುವುದೇ ಸರಿ ಎಂದು ಯಾರಿಗಾದರೂ ಅನಿಸುತ್ತದೆ. ವಾಲ್ಡ್ ಅವರ ಲೆಕ್ಕ ಇದನ್ನು ತಿರುವಿ ಹಾಕಿತು. ರೆಕ್ಕೆಗೆ ಪೆಟ್ಟು ತಿಂದ ವಿಮಾನ ಮನೆಗೆ ಬಂದಿದೆ ಎಂದರೆ ರೆಕ್ಕೆಯ ಪೆಟ್ಟು ತಾಳಿಕೊಳ್ಳಬಹುದಾದದ್ದು. ಎಂಜಿನ್‌ಗೆ ಪೆಟ್ಟು ತಿಂದವು ನಿಮ್ಮ ಎಣಿಕೆಗೇ ಬಂದಿಲ್ಲ, ಏಕೆಂದರೆ ಅವು ಮರಳಲೇ ಇಲ್ಲ.

1950ರಲ್ಲಿ ಉಪನ್ಯಾಸ ಪ್ರವಾಸಕ್ಕೆಂದು ವಾಲ್ಡ್ ದಂಪತಿ ಭಾರತಕ್ಕೆ ಬಂದರು. ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾ ವಿಮಾನ ನೀಲಗಿರಿಯ ಬೆಟ್ಟಕ್ಕೆ ಅಪ್ಪಳಿಸಿ ಇಬ್ಬರೂ ತೀರಿಕೊಂಡರು.

40,000 ವಿಮಾನ ತಯಾರಿಸಿಯೂ ಸೋತದ್ದು ಹೇಗೆ?

ಜರ್ಮನಿ ಅತಿ ಹೆಚ್ಚು ವಿಮಾನ ತಯಾರಿಸಿದ ವರ್ಷ 1940 ಅಲ್ಲ, 1944, ಸುಮಾರು 40,000. ಆಕಾಶ ಕೈತಪ್ಪಿದ್ದೂ ಅದೇ ವರ್ಷ! ಆ ಫೆಬ್ರವರಿಯ ‘ಬಿಗ್ ವೀಕ್’ ದಾಳಿಗಳಲ್ಲಿ, ನಂತರದ ವಾರಗಳಲ್ಲಿ, ಹೆಚ್ಚುವರಿ ಪೆಟ್ರೋಲ್ ಟ್ಯಾಂಕ್ ಹೊತ್ತ ಮಸ್ಟ್ಯಾಂಗ್‌ಗಳು ಬಾಂಬರುಗಳ ಜೊತೆ ಜರ್ಮನಿಯ ಒಳಗಿನವರೆಗೂ ಹೋದವು. ಜರ್ಮನಿ ಕಳೆದುಕೊಂಡ ವಿಮಾನಕ್ಕೆ ಬದಲಿ ಇತ್ತು, ಪಳಗಿದ ಪೈಲಟ್‌ಗೆ ಇರಲಿಲ್ಲ. ಮೇ ತಿಂಗಳಿಂದ ಕೃತಕ ಪೆಟ್ರೋಲ್ ಕಾರ್ಖಾನೆಗಳ ಮೇಲೆ ಬಾಂಬ್ ಬೀಳತೊಡಗಿತು. ಸೆಪ್ಟೆಂಬರ್ ಹೊತ್ತಿಗೆ ವಿಮಾನದ ಪೆಟ್ರೋಲ್ ಉತ್ಪಾದನೆ ಏಪ್ರಿಲ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕೆಳಗೆ ಕುಸಿಯಿತು. ಪೆಟ್ರೋಲ್ ಇಲ್ಲವೆಂದು ತರಬೇತಿ ಮೊಟಕಾಯಿತು. ಅರೆಬರೆ ಕಲಿತ ಹುಡುಗರು ಬೇಗ ಸತ್ತರು. ಅವರ ಜಾಗಕ್ಕೆ ಇನ್ನೂ ಕಡಿಮೆ ಕಲಿತವರು ಬಂದರು.

ಒಂದು ದಿನ, ಎರಡು ಸಂಖ್ಯೆ

1944ರ ಜೂನ್ 6, ನಾರ್ಮಂಡಿ ದಂಡೆಯಲ್ಲಿ ಸೇನೆ ಇಳಿದ ದಿನ. ಮಿತ್ರಪಡೆಗಳ ವಿಮಾನಗಳು ಅಂದು ನಡೆಸಿದ ಹಾರಾಟಗಳು 14,000ದಷ್ಟು. ಜರ್ಮನ್ನರದು ಕೆಲವು ನೂರು. ಅಂದು ಯಾರು ಎಷ್ಟು ಉರುಳಿಸಿದರು ಎಂಬುದು ಮುಖ್ಯವಾಗಲೇ ಇಲ್ಲ. ಉರುಳಿಸಲು ಎದುರಿಗೆ ವಿಮಾನಗಳೇ ಹೆಚ್ಚು ಇರಲಿಲ್ಲ.

ಬೆಳ್ಳಂದೂರು ಕೆರೆಯಲ್ಲಿ ವಿಮಾನ ಇಳಿಯುತ್ತಿತ್ತು!

ಈಗ ನೊರೆಗೆ ಹೆಸರಾದ ಅದೇ ಕೆರೆ. ಬಿಟಿಎಂನ ಮಡಿವಾಳ ಕೆರೆ ಕೋಡಿ ಬಿದ್ದರೆ ನೀರು ಅಗರದ ಕೆರೆ ಹಾದು ಸೇರುವುದು ಅಲ್ಲಿಗೇ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಂಪನಿ ಕಟ್ಟಿದರು. ಸಂಸ್ಥಾನ ಕೊಟ್ಟದ್ದು ಜಮೀನು ಮತ್ತು 25 ಲಕ್ಷ ರೂಪಾಯಿ. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಗಿ 84ನೇ ಏರ್ ಡಿಪೋ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು ಎಚ್‌ಎಎಲ್‌ನಲ್ಲಿ ದುರಸ್ತಿಯಾಗಿ ಮರಳುತ್ತಿದ್ದವು. ಬರ್ಮಾ, ಚೀನಾ ಕಡೆಯ ಯುದ್ಧಕ್ಕೆ ಬೇಕಾದ ವಿಮಾನ, ಎಂಜಿನ್‌ಗಳೂ ಇಲ್ಲಿ ರಿಪೇರಿಯಾದವು. ಶೆಡ್ಡಿನಲ್ಲಿ ಕೆಟ್ಟು ನಿಂತ ವಿಮಾನ ಪಟ್ಟಿಯಲ್ಲಿರುತ್ತದೆ, ಆಕಾಶದಲ್ಲಿರುವುದಿಲ್ಲ. ಬಲಾಬಲದ ಲೆಕ್ಕದಲ್ಲಿ ಫಿಟ್ಟರ್‌ಗಳ ಕೆಲಸಕ್ಕೂ ಒಂದು ಕಾಲಂ ಬೇಕು.

ಗುಜರಿಯಿಂದ ಎದ್ದ ಬಾಂಬರ್

ಜರ್ಮನಿಯ ಮೇಲೆ ದಾಳಿ ಮಾಡಿದ ಅಮೆರಿಕನ್ ಬಾಂಬರುಗಳಲ್ಲಿ ಬಿ-24 ಲಿಬರೇಟರ್ ಒಂದು. ಇದೇ ಜಾತಿಯ ಹತ್ತಾರು ವಿಮಾನಗಳನ್ನು ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ, ಮತ್ತೆ ಹಾರಬಾರದೆಂದು ಹಾಳುಗೆಡವಿ ಬಿಟ್ಟು ಹೋಗಿದ್ದರು. 1948ರಲ್ಲಿ ಎಚ್‌ಎಎಲ್ ತಂತ್ರಜ್ಞರು ಅಲ್ಲಿಗೆ ಹೋಗಿ ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಎಚ್‌ಎಎಲ್ ಪೈಲಟ್ ಜಿಮ್ಮಿ ಮುನ್ಶಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾದ ಲಿಬರೇಟರ್‌ಗಳು 1968ರವರೆಗೂ ನಮ್ಮ ವಾಯುಪಡೆಯಲ್ಲಿ ದುಡಿದವು. ಬ್ರಿಟನ್ನಿನ ವಾಯುಪಡೆ ಸಂಗ್ರಹಾಲಯದಲ್ಲಿ ಇಂದು ನಿಂತಿರುವ ಲಿಬರೇಟರ್ ಭಾರತದಿಂದ ಹೋದದ್ದು.

ಸ್ಪಿಟ್‌ಫೈರ್‌ನ ಎದುರಾಳಿ ಬೆಂಗಳೂರಿಗೆ ಕೆಲಸಕ್ಕೆ ಬಂದ

ಈಗ ಕುರ್ಟ್ ಟ್ಯಾಂಕ್. ಯುದ್ಧದ ನಂತರ ಅರ್ಜೆಂಟೀನಾಕ್ಕೆ ಹೋಗಿದ್ದ ಟ್ಯಾಂಕ್, ಭಾರತ ಸರ್ಕಾರದ ಕರೆಯ ಮೇಲೆ 1956ರಲ್ಲಿ ಜರ್ಮನ್ ಎಂಜಿನಿಯರ್‌ಗಳ ತಂಡದೊಂದಿಗೆ ಎಚ್‌ಎಎಲ್‌ಗೆ ಬಂದರು. ಅವರಿಗೆ ಕೊಟ್ಟ ಕೆಲಸ ಭಾರತದ್ದೇ ಆದ ಜೆಟ್ ಫೈಟರ್ ವಿನ್ಯಾಸ. ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಮಾಡಿದರು. ಎಂಜಿನ್ ಇಲ್ಲದ ಅದನ್ನು 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದುಕೊಂಡು ಹೋಗಿ, ಮೇಲೆ ಬಿಟ್ಟು, ಆಕಾರ ಸರಿಯಿದೆಯೇ ಎಂದು ಪರೀಕ್ಷಿಸಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನ ಆಕಾಶದಲ್ಲಿ ಎಚ್‌ಎಫ್-24 ಮಾರುತ್ ಹಾರಿಸಿದರು.

ಅಂದರೆ, 1942ರಲ್ಲಿ ಮೈಸೂರು ಹೆಸರಿನ ಸ್ಪಿಟ್‌ಫೈರ್‌ಗಳು ಎದುರಿಸಿದ ವಿಮಾನ ಯಾರದೋ, ಇಪ್ಪತ್ತು ವರ್ಷ ಕಳೆಯುವುದರೊಳಗೆ ಮೈಸೂರು ರಾಜ್ಯದ ರಾಜಧಾನಿಯಲ್ಲಿ ನಮಗಾಗಿ ಫೈಟರ್ ರಚಿಸಿದವರೂ ಅವರೇ. ಮಾರುತ್‌ನ ಮೈಕಟ್ಟು ಚೆನ್ನಾಗಿತ್ತು. ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ಹೀಗಾಗಿ ಆಕಾಶ ಕಾಯಬೇಕಿದ್ದ ವಿಮಾನ ನೆಲದ ಗುರಿಗಳ ಮೇಲೆ ದಾಳಿ ಮಾಡುವ ವಿಮಾನವಾಗಿ 1971ರ ಯುದ್ಧದಲ್ಲಿ ಹೆಸರು ಮಾಡಿತು. ಒಟ್ಟು 147 ಮಾರುತ್‌ಗಳು ತಯಾರಾದವು. ಎಚ್‌ಎಎಲ್ ಮ್ಯೂಸಿಯಮ್‌ನಲ್ಲಿ ಒಂದನ್ನು ಹತ್ತಿರದಿಂದ ನೋಡಬಹುದು. ಬಿಟಿಎಂನಿಂದ ರಿಂಗ್ ರೋಡ್ ಹಿಡಿದು ಮಾರತ್‌ಹಳ್ಳಿ ಕಡೆ ಹೋದರಾಯಿತು.

ಲೆಕ್ಕ ತುಂಬಲು 14 ವರ್ಷ, ಪದಕಕ್ಕೆ 23

1965ರ ಸೆಪ್ಟೆಂಬರ್ 7. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಮರಳಿ ಬರಲಿಲ್ಲ. ಅಲ್ಲಿ ಏನಾಯಿತೆಂದು ನಮ್ಮ ಕಡೆ ಯಾರಿಗೂ ತಿಳಿಯಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಿಂದ ಸುಳಿವು ಸಿಕ್ಕಿತು: ತನಗಿಂತ ಎಷ್ಟೋ ವೇಗದ ಎಫ್-104 ಸ್ಟಾರ್‌ಫೈಟರ್ ಅನ್ನು ಹಳೆಯ ಮಿಸ್ಟೇರ್ ವಿಮಾನವೊಂದು ಉರುಳಿಸಿತ್ತು. ಅದನ್ನು ಹಾರಿಸುತ್ತಿದ್ದವರು ದೇವಯ್ಯ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. 1940ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಉಬ್ಬಿತ್ತು, ಇಲ್ಲಿ ತಗ್ಗಿತ್ತು. ಎರಡನ್ನೂ ತಿದ್ದಿದ್ದು ಎದುರಾಳಿಯ ಕಡೆಯ ಮಾಹಿತಿ.

ಚುಟುಕಾಗಿ ಇನ್ನಷ್ಟು

* ಎಚ್‌ಎಎಲ್‌ನ ಸ್ವಂತ ವಿನ್ಯಾಸದ ಮೊದಲ ತರಬೇತಿ ವಿಮಾನ ಎಚ್‌ಟಿ-2ರ ವಿನ್ಯಾಸಕಾರ ವಿ. ಎಂ. ಘಾಟಗೆ ಡಾಕ್ಟರೇಟ್ ಮಾಡಿದ್ದು ಜರ್ಮನಿಯ ಗಟ್ಟಿಂಗೆನ್‌ನಲ್ಲಿ, ವಾಯುಚಲನ ಶಾಸ್ತ್ರದ ದಿಗ್ಗಜ ಲುಡ್ವಿಗ್ ಪ್ರಾಂಟಲ್ ಬಳಿ. ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್ 5ರಂದು.
* ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಮಾನಶಾಸ್ತ್ರದ ವಿಭಾಗ ಶುರುವಾದದ್ದು ಯುದ್ಧದ ನಡುವೆಯೇ, 1942ರಲ್ಲಿ.
* ಜರ್ಮನಿಯ ಮೆಸ್ಸರ್‌ಶ್ಮಿಟ್ 262, ಯುದ್ಧಕ್ಕಿಳಿದ ಮೊದಲ ಜೆಟ್ ಫೈಟರುಗಳಲ್ಲಿ ಒಂದು. ವೇಗದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಆದ್ದರಿಂದ ಮಿತ್ರಪಡೆಗಳ ಪೈಲಟ್‌ಗಳು ಅದು ನೆಲಕ್ಕಿಳಿಯುವ ಹೊತ್ತನ್ನೇ ಕಾಯುತ್ತಿದ್ದರು.
* ಬೆಂಗಳೂರಿನ ತೇಜಸ್ ಮೊದಲ ಬಾರಿ ಹಾರಿದ್ದು 2001ರ ಜನವರಿ 4ರಂದು.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು?

ಇನ್ನು ಮುಂದೆ ಟಿವಿಯಲ್ಲಿ ಯಾವುದಾದರೂ ದೇಶ ‘ನಾವು ಇಷ್ಟು ಉರುಳಿಸಿದೆವು’ ಎಂದರೆ ಆ ಸಂಖ್ಯೆಯನ್ನು ಪಕ್ಕಕ್ಕಿಟ್ಟು ನಾಲ್ಕು ಪ್ರಶ್ನೆ ಕೇಳಿ. ನಾಳೆ ಬೆಳಗ್ಗೆ ಹಾರಲು ಸಿದ್ಧವಿರುವ ವಿಮಾನ ಎಷ್ಟು? ಅವಕ್ಕೆ ಪಳಗಿದ ಪೈಲಟ್‌ಗಳಿದ್ದಾರೆಯೇ? ಇಂಧನ ಎಷ್ಟು ವಾರಕ್ಕಿದೆ? ಎದುರಾಳಿಯ ನೆಲದ ಮೇಲೆ ಯಾರು ಹಗಲಿನಲ್ಲಿ ಹಾರುತ್ತಿದ್ದಾರೆ? 1944ರ ಜರ್ಮನಿ ಮೊದಲ ಪ್ರಶ್ನೆಯಲ್ಲಿ ಪಾಸಾಗಿ ಉಳಿದ ಮೂರರಲ್ಲೂ ಫೇಲಾಗಿತ್ತು.